ಕಾಗದದ ನಾಲ್ಕನೆಯ ಸಾಲು

ನಮ್ಮ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಯೇಸುಸ್ವಾಮಿಯ ನೆನಪಿಗೆ ರೊಟ್ಟಿ ಮುರಿದು ಹಂಚುತ್ತಾರೆ. ಸಭೆ ಎಂದರೆ ದೊಡ್ಡದೇನಲ್ಲ. ಶಿಡ್ಲಘಟ್ಟದಲ್ಲಿ ನನ್ನ ತಮ್ಮನ ಬಾಡಿಗೆ ಮನೆಯ ಮುಂದಿನ ಕೋಣೆ, ಒಂದು ಜಮಖಾನ, ಹದಿನೈದು ಇಪ್ಪತ್ತು ಜನ. ತಮ್ಮನೇ ಪಾಸ್ಟರ್. ಅವನು ರೊಟ್ಟಿಯ ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ನಿಲ್ಲುತ್ತಾನೆ. ತಪ್ಪು ಬಚ್ಚಿಟ್ಟುಕೊಂಡವರು ಅದನ್ನು ಮುಟ್ಟಬಾರದು. ಹೋದ ಒಂದು ವರ್ಷ, ನನ್ನ ಸರದಿ ಬರುವ ಮುಂಚೆ, ಟೀ ಉಕ್ಕುತ್ತದೆ ಎಂದು ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ನಾನು ಓದಿದ್ದು ಮೂರನೇ ಕ್ಲಾಸು. ಆಮೇಲೆ ರೇಷ್ಮೆ ಗೂಡು ಬಿಚ್ಚುವ ಫಿಲೇಚರಿಗೆ ಸೇರಿದೆ. ಬಿಸಿನೀರಿನ ತೊಟ್ಟಿಯಲ್ಲಿ ಬೆರಳದ್ದಿ ಅದ್ದಿ ಹೆಬ್ಬೆಟ್ಟಿನ ಗೆರೆ ಸವೆದುಹೋಗಿದೆ. ರೇಷನ್ ಅಂಗಡಿಯ ಮಿಷನ್ನು ನನ್ನನ್ನು ಒಪ್ಪುವುದೇ ಇಲ್ಲ. ಮರೆತಿದ್ದ ಅಕ್ಷರಗಳನ್ನು ಮತ್ತೆ ಕಲಿಸಿದವನು ತಮ್ಮ. ಬೈಬಲ್ಲಿನ ಸಾಲಿನ ಕೆಳಗೆ ಅವನ ಬೆರಳು, ಅದರ ಹಿಂದೆ ನನ್ನ ಬೆರಳು. ಅಕ್ಕನಿಗೆ ಅಚ್ಚಿನ ಅಕ್ಷರ ಬರುತ್ತದೆ, ಕೈಬರಹ ಬರುವುದಿಲ್ಲ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಮೊದಮೊದಲು ಅದು ನಿಜವಿತ್ತು. ಫಿಲೇಚರಿನಲ್ಲಿ ಮೇಸ್ತ್ರಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದನ್ನು ನೋಡಿ ನೋಡಿ ಅದೂ ಬಂತು. ತಮ್ಮನಿಗೆ ಹೇಳಿರಲಿಲ್ಲ, ಅಷ್ಟೆ.

ತಮ್ಮ ಒಂದು ಕಾಲಕ್ಕೆ ಕುಡಿಯುತ್ತಿದ್ದ. ಬಿಟ್ಟು ಒಂಬತ್ತು ವರ್ಷವಾಗಿತ್ತು. ಸಭೆಗೆ ಬರುವ ಗಂಡಸರಲ್ಲಿ ಹೆಚ್ಚಿನವರು ಅವನನ್ನು ನೋಡಿಯೇ ಕುಡಿತ ಬಿಟ್ಟವರು.

ಒಂದು ಭಾನುವಾರ ಮಧ್ಯಾಹ್ನ ಅವನು ತೊಂಡೇಬಾವಿ ಕಡೆಯ ಹಳ್ಳಿಯೊಂದರಲ್ಲಿ ಕಾಯಿಲೆಯ ಅಜ್ಜಿಗೆ ಪ್ರಾರ್ಥನೆ ಮಾಡಿ ಬೈಕಿನಲ್ಲಿ ಬರುತ್ತಿದ್ದಾಗ ನಾಲ್ಕು ಜನ ಅಡ್ಡಹಾಕಿದರು. ಮತಾಂತರ ಮಾಡಲು ಬಂದಿದ್ದೀಯಾ ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊಡೆದರು. ಬಲಗೈ ಎರಡು ಕಡೆ ಮುರಿಯಿತು, ತಲೆಗೂ ಪೆಟ್ಟು ಬಿತ್ತು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಅವನು ಪ್ರಜ್ಞೆ ಇಲ್ಲದೆ ಮಲಗಿದ್ದ.

ಆ ನಾಲ್ವರಲ್ಲಿ ಒಬ್ಬ, ನನ್ನ ಪಕ್ಕದ ತೊಟ್ಟಿಯಲ್ಲಿ ಕೆಲಸ ಮಾಡುವವಳ ಮಗ. ಹನ್ನೆರಡು ವರ್ಷ ನಾವಿಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು. ಮರುದಿನ ಬೆಳಿಗ್ಗೆ ಅವಳು ಮೇಸ್ತ್ರಿಯನ್ನು ಕರೆದುಕೊಂಡು ಆಸ್ಪತ್ರೆಗೇ ಬಂದಳು. "ನೀ ಕಾಳ್ಳು ಪಟ್ಕುಂಟಾನು ಅಕ್ಕಾ" ಎಂದು ತೆಲುಗಿನಲ್ಲಿ ಗೋಗರೆದು ನಿಜವಾಗಿಯೂ ಕಾಲು ಹಿಡಿದುಕೊಂಡಳು. "ಕೇಸಾದ್ರೆ ನನ್ ಮಗನ ಬಾಳು ಮುಗೀತದೆ."

ಮೇಸ್ತ್ರಿ ಜೇಬಿನಿಂದ ತನ್ನ ಕೈಬರಹದ ಕಾಗದ ತೆಗೆದ. "ಪೊಲೀಸು ಗಿಲೀಸು ಬ್ಯಾಡಮ್ಮ. ಇದಕ್ಕೊಂದು ಸೈನ್ ಹಾಕು. ನಿಮ್ ಯೇಸುಸ್ವಾಮಿನೇ ಕ್ಷಮಿಸು ಅಂದವ್ರೆ, ನೀನೇನು ಅವ್ರಿಗಿಂತ ದೊಡ್ಡೋಳಾ?"

"ಏನ್ ಬರ್ದಿದೀರಣ್ಣ?"

"ಬೈಕಿಂದ ಬಿದ್ದ ಅಂತ. ಇನ್ನೇನಿಲ್ಲ."

ನಾನು ಓದಿದೆ. ನಿಧಾನವಾಗಿ, ತುಟಿ ಅಲುಗಿಸದೆ. ನಾಲ್ಕನೆಯ ಸಾಲಿನಲ್ಲಿ 'ಕುಡಿದ ಅಮಲಿನಲ್ಲಿ' ಎಂದಿತ್ತು. ಅದನ್ನು ಇನ್ನೊಮ್ಮೆ ಓದಿದೆ. ಆಮೇಲೆ ಸಹಿ ಹಾಕಿದೆ. ಅವಳು ನನ್ನ ಕೈಗೆ ಮುತ್ತಿಟ್ಟಳು. ಜಗಳವಾಡುವವರನ್ನು ಸಮಾಧಾನ ಮಾಡುವವರು ಧನ್ಯರು ಎಂಬ ಬೈಬಲ್ಲಿನ ಮಾತು ನನಗೇ ಹೇಳಿದ ಹಾಗಾಗಿ ಎದೆ ಒಂದು ಗಳಿಗೆ ಹಗುರವೂ ಆಯಿತು.

ಅದು ಕರುಣೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅಲ್ಲ. ಮೇಸ್ತ್ರಿಗೆ ಹೆದರಿದ್ದೆ. ಓಣಿಯಲ್ಲಿ ಮುಂದೆಯೂ ಎಲ್ಲರ ಹಾಗೆ ಬಾಳಬೇಕು ಅನ್ನಿಸಿತ್ತು. ಪೆಟ್ಟು ತಿಂದವನು ಅವನು, ಕ್ಷಮಿಸಿದವಳು ನಾನು.

ತಿಂಗಳೊಳಗೆ ಅವಳು ಬೇರೆ ತೊಟ್ಟಿ ಕೇಳಿಕೊಂಡು ಹೋದಳು. ಎದುರಾದರೆ ಮುಖ ತಿರುಗಿಸುತ್ತಿದ್ದಳು. ಅವಳ ಮಗ ಟೀ ಅಂಗಡಿಯಲ್ಲಿ ಹೇಳಿದ್ದು ನನ್ನ ಕಿವಿಗೂ ಬಿತ್ತು: "ಪಾಸ್ಟ್ರು ಎಣ್ಣೆ ಹೊಡ್ದು ಬಿದ್ದಿದ್ದು ಕಣ್ರೋ. ಅವ್ರಕ್ಕನೇ ಬರ್ದುಕೊಟ್ಟವ್ಳೆ, ಬೇಕಾದ್ರೆ ತೋರಿಸ್ತೀನಿ." ತೋರಿಸಿಯೂ ತೋರಿಸಿದ. ಕುಡಿತ ಬಿಟ್ಟವರ ಎರಡು ಮನೆಯವರು ಸಭೆಗೆ ಬರುವುದನ್ನು ನಿಲ್ಲಿಸಿದರು. ಅದರಲ್ಲಿ ಒಬ್ಬ ಮತ್ತೆ ಶುರು ಮಾಡಿದನಂತೆ.

ತಮ್ಮ ಕೈಗೆ ಕಟ್ಟು ಹಾಕಿಕೊಂಡು ಸಭೆಯಲ್ಲಿ ನಿಂತು ಹೇಳಿದ, "ನಮ್ಮಕ್ಕನ್ನ ಯಾರೂ ಏನೂ ಅನ್ಬೇಡಿ. ಅವಳಿಗೆ ಕೈಬರಹ ಓದಕ್ಕೆ ಬರಲ್ಲ. ಮೋಸ ಮಾಡಿ ಸೈನ್ ಹಾಕಿಸ್ಕೊಂಡವ್ರೆ."

ನಾನು ತಲೆ ತಗ್ಗಿಸಿ ಕೂತಿದ್ದೆ. ಅವಮಾನವಾಗಿ ಕೂತಿದ್ದಾಳೆ ಎಂದು ಪಕ್ಕದ ಹೆಂಗಸು ನನ್ನ ಬೆನ್ನು ಸವರಿದಳು.

ಹೀಗೆ ವರ್ಷ ಕಳೆಯಿತು. ಹೋದ ತಿಂಗಳು ಅವನು ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಬಲಗೈ ಈಗಲೂ ನೆಟ್ಟಗಾಗುವುದಿಲ್ಲ. ಮುದ್ದೆ ಮುರಿಯಲು ತಲೆಯನ್ನೇ ತಟ್ಟೆಗೆ ಬಗ್ಗಿಸುತ್ತಾನೆ. ಅದನ್ನು ನೋಡುತ್ತಾ ನನ್ನ ಬಾಯಿಂದ ಬಂದುಬಿಟ್ಟಿತು.

"ನಾನು ಓದಿದ್ದೆ ಕಣಪ್ಪ."

"ಏನನ್ನ?"

"ಆ ಕಾಗದಾನ. ಕುಡಿದು ಅಂತ ಇದ್ದಿದ್ದನ್ನ ಓದೇ ಸೈನ್ ಹಾಕ್ದೆ."

ಅವನು ತುತ್ತು ಕೆಳಗಿಟ್ಟ. "ಕೈಬರಹ ಯಾವಾಗ ಕಲ್ತೆ?" ಎಂದ. ನಾನು ಹೇಳಿದೆ. ತಲೆಯಾಡಿಸಿದ. "ಅವರನ್ನ ಕ್ಷಮಿಸೋದು ಅಷ್ಟು ಕಷ್ಟ ಆಗ್ಲಿಲ್ಲಕ್ಕ, ಅವರು ನನ್ನೋರಲ್ಲ" ಎಂದ.

"ನನ್ನ?"

"ಈಗ್ಲೇ ಕೇಳ್ಬೇಡ. ಹ್ಞೂಂ ಅಂದ್ರೆ ಅದೂ ನೀನು ಸೈನ್ ಹಾಕಿದ್ ಕಾಗದದ ಥರಾನೇ ಆಗ್ತದೆ." ಕೈ ತೊಳೆಯಲು ಎದ್ದವನು ಬಾಗಿಲಲ್ಲಿ ನಿಂತ. "ನನ್ನ ಮರ್ಯಾದೆ ಹೋಗಿದ್ದು ಎಲ್ಲರ ಮುಂದೆ. ನೀನೂ ಎಲ್ಲರ ಮುಂದೇನೇ ಹೇಳು."

ಇಲ್ಲಿಯವರೆಗಿನದನ್ನು ಬರೆಯಲು ಎಂಟು ದಿನ ಹಿಡಿಯಿತು. ಈ ತಿಂಗಳ ಮೊದಲ ಭಾನುವಾರ ಜಮಖಾನದ ಮೇಲೆ ನಿಂತು ಓದಿದೆ. ಆ ಕಾಗದದ ನಾಲ್ಕನೆಯ ಸಾಲಿನ ಮಾತು ಬಂದಾಗ, ಅವತ್ತು ಬೆನ್ನು ಸವರಿದ್ದ ಹೆಂಗಸು ಸೆರಗು ಎಳೆದುಕೊಂಡು ಆಚೆ ಸರಿದಳು. ಓದಿ ಮುಗಿಸಿ ಕೂತೆ. ಒಲೆಯ ಮೇಲೆ ಟೀ ಇತ್ತು, ನಾನು ಏಳಲಿಲ್ಲ.

ತಮ್ಮ ತಟ್ಟೆ ಹಿಡಿದು ಬಂದ. ನನ್ನ ಮುಂದೆ ನಿಂತ. ತಗೋ ಎನ್ನಲಿಲ್ಲ, ಮುಖವನ್ನೂ ನೋಡಲಿಲ್ಲ. ತಟ್ಟೆ ಇದ್ದದ್ದು ನೆಟ್ಟಗಾಗದ ಆ ಕೈಯಲ್ಲೇ. ನಾನು ಎಷ್ಟು ಹೊತ್ತು ಕೈ ಚಾಚದೆ ಕೂತರೂ ಅವನು ತಟ್ಟೆಯನ್ನು ಮುಂದಿನವರ ಕಡೆಗೆ ಒಯ್ಯಲಿಲ್ಲ.