ಹಲೀನಮ್ಮನನ್ನು ಒಪ್ಪಿಸಲು ಹೊರಟ ನಿರುಪಮಾ

ಒಪ್ಪಿಸುವ ವಿದ್ಯೆಯಲ್ಲಿ ನಿರುಪಮಾ ಅವರನ್ನು ಮೀರಿಸುವವರು ಸಿಂಗಪುರದ ಚೋವಾ ಚು ಕಾಂಗ್‌ನಲ್ಲಿ ಇರಲಿಲ್ಲ. ಆಕೆ ಕೆಲಸ ಮಾಡುವ ಶಿಶುವಿಹಾರದಲ್ಲಿ ತುತ್ತು ಉಗುಳುವ ಮಕ್ಕಳು ಆಕೆಯ ಮುಂದೆ ಕೂತರೆ ಸಾಕು, ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಎರಡು ಮೈಸೂರು ಕುಟುಂಬಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಒಬ್ಬಟ್ಟು ತಿನ್ನಿಸಿದ್ದರು. ಗಂಡ ದ್ವಾರಕನಾಥರನ್ನು ನಿವೃತ್ತಿಯಾದ ಮೇಲೆ ಈಜು ಕಲಿಯಲು ಒಪ್ಪಿಸಿದ್ದರು. ಅವರು ಇನ್ನೂ ಕೊಳದ ಅಂಚು ಬಿಟ್ಟಿರಲಿಲ್ಲ, ಆದರೆ ಒಪ್ಪಿದ್ದಂತೂ ನಿಜ.

ಹಾಗಾಗಿಯೇ ಅವರ ಫ್ಲ್ಯಾಟಿನ ಒಂದು ರೂಮಿನಲ್ಲಿ ಬಾಡಿಗೆಗಿದ್ದ ಉಕ್ರೇನಿನ ಹುಡುಗಿ ಜೋರ್ಯಾನಾ ಒಂದು ಬೆಳಗ್ಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಮೂರು ವರ್ಷ ಜೊತೆಗಿದ್ದು ಅವಳ ಇಂಗ್ಲಿಷು ನಿರುಪಮಾರ ಕಿವಿಗೆ ಈಗ ಕನ್ನಡವಾಗಿಯೇ ಇಳಿಯುತ್ತಿತ್ತು.

"ಆಂಟಿ, ಅಮ್ಮ ಬರ್ತಿದ್ದಾಳೆ. ಒಂದು ತಿಂಗಳು ರಜ. ಬಂದ್ಮೇಲೆ ಅವಳು ವಾಪಸ್ ಹೋಗಬಾರದು. ವೀಸಾ ವಿಷಯ ನಾನು ನೋಡ್ಕೋತೀನಿ. ಅವಳ ಮನಸ್ಸು ನೀವು ನೋಡ್ಕೊಳ್ಳಿ."

ಹೆಸರಿನಲ್ಲೇ ಜೋರು ಇದ್ದರೂ ಜೋರ್ಯಾನಾ ಬಹಳ ಮೆತ್ತಗಿನ ಹುಡುಗಿ. ಒನ್-ನಾರ್ತ್ ಬಡಾವಣೆಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಅವಳ ಫೋನಿನಲ್ಲಿ ತನ್ನೂರು ಪೋಲ್ಟಾವಾದ ವಾಯುದಾಳಿ ಎಚ್ಚರಿಕೆಯ ಆ್ಯಪ್ ಒಂದಿತ್ತು. ಅಲ್ಲಿ ಸೈರನ್ ಮೊಳಗಿದರೆ ಇಲ್ಲಿ ಅದು ಮೀಟಿಂಗ್ ನಡುವೆ ಕೂಗಿಕೊಳ್ಳುತ್ತಿತ್ತು. ಹೊಸದರಲ್ಲಿ ಒಮ್ಮೆ ಫೈರ್ ಡ್ರಿಲ್ ಎಂದುಕೊಂಡು ಇಡೀ ಟೀಮು ಲ್ಯಾಪ್‌ಟಾಪ್ ಎದೆಗವಚಿಕೊಂಡು ಮೆಟ್ಟಿಲಿಳಿದು ರಸ್ತೆಯಲ್ಲಿ ನಿಂತಿತ್ತಂತೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ಟಾಯ್ಲೆಟ್ಟಿಗೆ ಹೋಗಿ ಅಮ್ಮನಿಗೆ ಫೋನು ಹಚ್ಚಿದಳು.

ಅಮ್ಮ ಹಲೀನಾ ಅಲ್ಲಿ ಶಿಶುವಿಹಾರದಲ್ಲಿ ಹಾಡು ಕಲಿಸುವ ಟೀಚರಾಗಿದ್ದವರು. ಯುದ್ಧ ಶುರುವಾದ ಮೇಲೆ ಅರ್ಧಕ್ಕರ್ಧ ಮಕ್ಕಳು ತಾಯಂದಿರ ಜೊತೆ ದೇಶ ಬಿಟ್ಟರು, ಶಿಶುವಿಹಾರ ಬಾಗಿಲು ಹಾಕಿತು. ಅದೇ ಹೊತ್ತಿಗೆ ಊರಿನ ಟ್ರಾಲಿಬಸ್ ಡಿಪೋದಲ್ಲಿ ಚಾಲಕರೇ ಇಲ್ಲವಾದರು. ಗಂಡಸರೆಲ್ಲ ಸೇನೆಗೆ ಹೋಗಿದ್ದರು. ಡಿಪೋದವರು ಹೆಂಗಸರನ್ನು ಕರೆದರು. ಅಲ್ಲಿಯವರೆಗೆ ಸೈಕಲ್ಲನ್ನೂ ತುಳಿಯದಿದ್ದ ಹಲೀನಾ ಐವತ್ತೈದು ದಾಟಿದ ಮೇಲೆ ತರಬೇತಿ ಪಡೆದು, ರಸ್ತೆಯ ಮೇಲಿನ ತಂತಿಯಿಂದ ಕರೆಂಟು ಎಳೆದುಕೊಂಡು ಓಡುವ ಆ ಉದ್ದನೆಯ ಬಸ್ಸಿನ ಚಾಲಕರಾದರು.

"ಅಷ್ಟೇ ತಾನೆ? ಬರ್ಲಿ ಬಿಡು," ಎಂದರು ನಿರುಪಮಾ, ಶಿಶುವಿಹಾರಕ್ಕೆ ಇನ್ನೊಂದು ಮಗು ಸೇರಿದಂತೆ.

ಹಲೀನಾ ಬಂದಿಳಿದರು. ಅಗಲವಾದ ಭುಜ, ನೇರಳೆ ಬಣ್ಣ ಹಾಕಿದ ಗಿಡ್ಡ ಕೂದಲು, ಮಾತಿಗೆ ಮುಂಚೆ ನಗು. ದ್ವಾರಕನಾಥರು ಕೈಮುಗಿಯುವ ಮೊದಲೇ ಅವರ ಕೈ ಹಿಡಿದು ಕುಲುಕಿದರು. ದ್ವಾರಕನಾಥರು ಆ ಕೈಯನ್ನು ಸಂಜೆಯವರೆಗೂ ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಹಲೀನಾಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಜೋರ್ಯಾನಾ ಅಮ್ಮನ ಫೋನಿನಲ್ಲಿ ಅವರ ಮಾತನ್ನು ಕನ್ನಡಕ್ಕೂ ಇವರ ಮಾತನ್ನು ಅವರ ಭಾಷೆಗೂ ತಿರುಗಿಸುವ ವ್ಯವಸ್ಥೆ ಮಾಡಿಕೊಟ್ಟು ಆಫೀಸಿಗೆ ಹೋದಳು.

ಮೊದಲ ದಿನ ದೋಸೆ ತಿಂದ ಹಲೀನಾ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ಫೋನಿಗೆ ಏನೋ ಹೇಳಿದರು. ಫೋನು ರೇಡಿಯೋದ ವಾರ್ತೆ ಓದುವ ದನಿಯಲ್ಲಿ ನುಡಿಯಿತು: "ಪೂಜ್ಯ ಮಹಿಳೆಯೇ, ನಿಮ್ಮ ತೆಳುವಾದ ರೊಟ್ಟಿಯು ನನ್ನ ಆತ್ಮವನ್ನು ಹರಿದು ಹಾಕಿತು."

ದ್ವಾರಕನಾಥರು ಕಾಫಿ ಲೋಟ ಕೆಳಗಿಟ್ಟರು. "ನಿರೂ, ಹಿಟ್ಟು ಹುಳಿ ಬಂದಿತ್ತೇನೋ."

ಹಲೀನಾ ಇನ್ನೂ ಎರಡು ಹಾಕಿಸಿಕೊಂಡರು.

"ಹೊಗಳಿದ್ದು ರೀ," ಎಂದರು ನಿರುಪಮಾ. ಅವತ್ತಿನಿಂದ ಅವರ ಪಾಲಿಗೆ ಆಕೆ ಹಲೀನಮ್ಮ.

ನಿರುಪಮಾರ ಮೊದಲ ಉಪಾಯ ಊಟ. ಬಿಸಿಬೇಳೆ ಬಾತು, ಗೊಜ್ಜವಲಕ್ಕಿ, ಶ್ಯಾವಿಗೆ ಪಾಯಸ ಎಂದು ದಿನಕ್ಕೊಂದು ಮಾಡಿ ಬಡಿಸಿದರು. ಕೂತು ತಿನ್ನುವುದು ಹಲೀನಮ್ಮನಿಗೆ ಎರಡು ದಿನಕ್ಕೇ ಸಾಕಾಯಿತು. ಮೂರನೆಯ ದಿನ ನಿರುಪಮಾ ಕೆಲಸದಿಂದ ಬರುವಷ್ಟರಲ್ಲಿ ಸಾರಿನ ಪಾತ್ರೆಯಲ್ಲಿ ಕೆಂಪಗೆ ಏನೋ ಕುದಿಯುತ್ತಿತ್ತು. ಬೀಟ್ರೂಟು, ಎಲೆಕೋಸು, ಆಲೂಗಡ್ಡೆ. ಈ ಮನೆಯಲ್ಲಿ ಮಾಂಸ ಬೇಯಿಸಬಾರದೆಂದು ಮಗಳು ಹೇಳಿದ್ದಳು, ಹಾಕಿರಲಿಲ್ಲ. ದ್ವಾರಕನಾಥರು ಅನ್ನಕ್ಕೆ ಕಲಸಿಕೊಂಡು ಮೂರು ಸಲ ಬಡಿಸಿಕೊಂಡರು.

"ನಮ್ಮ ಬೀಟ್ರೂಟ್ ಹುಳೀನೇ ಕಣೇ ಇದು. ಬೇಳೆ ಹಾಕೋದು ಮರ್ತಿದ್ದಾರೆ, ಅಷ್ಟೆ."

ಸಮಯ ನೋಡಿ ನಿರುಪಮಾ ಬಾಣ ಬಿಟ್ಟರು. "ಹಲೀನಮ್ಮ, ಇಲ್ಲೇ ಇದ್ಬಿಡಿ. ಅಡುಗೆಮನೆ ಅರ್ಧ ನಿಮ್ದೇ."

ಹಲೀನಮ್ಮ ಅವರನ್ನು ಬಾಚಿ ತಬ್ಬಿಕೊಂಡರು. ಫೋನು ನುಡಿಯಿತು: "ನಿಮ್ಮ ಅರ್ಧ ಒಲೆಗೆ ನಾನು ಚಿರಋಣಿ. ಮಾರ್ಚ್ ತಿಂಗಳಲ್ಲಿ ನನ್ನ ಪಾಳಿಯು ಆರಂಭವಾಗುತ್ತದೆ."

ಎರಡನೆಯ ಉಪಾಯ ಊರು ತೋರಿಸುವುದು. ಭಾನುವಾರ ಡಬಲ್ ಡೆಕ್ಕರ್ ಬಸ್ಸಿನಲ್ಲಿ ಮೇಲೆ ಮುಂದಿನ ಸೀಟು ಹಿಡಿದು, ಹಸಿರು ರಸ್ತೆ, ಹೂವು, ಕೆರೆ ಎಲ್ಲ ತೋರಿಸಿ ಮರುಳು ಮಾಡಬೇಕೆಂದು ನಿರುಪಮಾ ಲೆಕ್ಕ ಹಾಕಿದ್ದರು. ಹಲೀನಮ್ಮ ಮೆಟ್ಟಿಲು ಹತ್ತಲೇ ಇಲ್ಲ. ಕೆಳಗೆ ಚಾಲಕನ ಹತ್ತಿರ ಕಂಬಿ ಹಿಡಿದು ನಿಂತುಬಿಟ್ಟರು. ಪ್ರತಿ ಸ್ಟಾಪು ಬಂದಾಗಲೂ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ಚಾಲಕ ಮೊದಲು ಗಾಬರಿಯಾಗಿ ನೋಡಿದ. ನಾಲ್ಕನೆಯ ಸ್ಟಾಪಿನಲ್ಲಿ ಅವನಿಗೆ ಅರ್ಥವಾಯಿತು. ತನ್ನ ಸ್ಟೀರಿಂಗನ್ನೂ ಅವರನ್ನೂ ಬೆರಳಲ್ಲಿ ತೋರಿಸಿ ಹುಬ್ಬು ಏರಿಸಿದ. ಹಲೀನಮ್ಮ ಎದೆ ತಟ್ಟಿಕೊಂಡು ಹೌದೆಂದರು. ಇಳಿಯುವಾಗ ಅವನು ಸೆಲ್ಯೂಟ್ ಹೊಡೆದ.

"ಹೇಗಿದೆ ನಮ್ಮ ಬಸ್ಸು?" ಎಂದರು ನಿರುಪಮಾ ಆಸೆಯಿಂದ.

ಫೋನು ಸ್ವಲ್ಪ ಯೋಚಿಸಿ ಹೇಳಿತು: "ಇದು ತೊಟ್ಟಿಲು. ಗುಂಡಿಯಿಲ್ಲ, ಹಿಮವಿಲ್ಲ, ವಿದ್ಯುತ್ ಹೋಗುವುದಿಲ್ಲ. ಪಾಪ, ಚಾಲಕನಿಗೆ ಬೇಸರವಾಗುವುದಿಲ್ಲವೇ?"

ಮೂರನೆಯದು ಮಾತ್ರ ನಾಟಿತು ಅನ್ನಿಸಿತು. ಬ್ಲಾಕಿನ ಕೆಳಗಿನ ತೆರೆದ ಜಗಲಿಯಂಥ ವಾಯ್ಡ್ ಡೆಕ್‌ನಲ್ಲಿ ಆಡುವ ಮಕ್ಕಳಿಗೆ ಸಂಜೆ ಹೊತ್ತು ಹಾಡು ಹೇಳಿಕೊಡಿ ಎಂದು ನಿರುಪಮಾ ಕೇಳಿಕೊಂಡರು. ಹಲೀನಮ್ಮ ಚಪ್ಪಾಳೆ ತಟ್ಟಿ, ಕುಣಿದು, ಕೋಳಿಯಂತೆ ಕೂಗಿ ಮಕ್ಕಳ ಮನಸ್ಸು ಗೆದ್ದರು. ಕೆಳಮಹಡಿಯ ಜಾನ್ವಿ ಎಂಬ ಚೂಟಿ ಹುಡುಗಿ ಉಕ್ರೇನಿ ಪದ್ಯವನ್ನು ಮನೆಯಲ್ಲೂ ಹಾಡತೊಡಗಿದಳು. "ಇನ್ನೆಲ್ಲಿ ಹೋಗ್ತಾರೆ ಅವರು!" ಎಂದು ನಿರುಪಮಾ ಗಂಡನ ಮುಂದೆ ಬೀಗಿದರು.

ಫೆಬ್ರವರಿ ಹದಿನೈದರ ಸಂಜೆ ಮಳೆ ಬಂತು. ಮಕ್ಕಳು ಮೇಲೆ ನಿರುಪಮಾರ ಮನೆಗೆ ಬಂದು ಹಾಲಿನಲ್ಲೇ ಹಾಡುತ್ತಿದ್ದರು. ವರ್ಷಕ್ಕೊಮ್ಮೆ ಆ ದಿನ ಇಡೀ ಸಿಂಗಪುರದಲ್ಲಿ ಎಚ್ಚರಿಕೆಯ ಸೈರನ್ನುಗಳನ್ನು ಪರೀಕ್ಷಿಸುತ್ತಾರೆ. ಅಷ್ಟು ವರ್ಷದಿಂದ ಕೇಳಿ ಕೇಳಿ ನಿರುಪಮಾಗೆ ಅದು ಕುಕ್ಕರಿನ ಸೀಟಿಯಷ್ಟೇ. ಹಲೀನಮ್ಮನಿಗೆ ಹೇಳಬೇಕೆಂಬುದು ಅವರಿಗೂ ಹೊಳೆಯಲಿಲ್ಲ, ಮಗಳಿಗೂ ಹೊಳೆಯಲಿಲ್ಲ.

ಸೈರನ್ ಮೊಳಗಿತು.

ಇಲ್ಲಿನ ಫ್ಲ್ಯಾಟುಗಳಲ್ಲಿ ದಪ್ಪ ಗೋಡೆಯ, ಉಕ್ಕಿನ ಬಾಗಿಲಿನ ಪುಟ್ಟ ಕೋಣೆಯೊಂದಿರುತ್ತದೆ. ಸರ್ಕಾರದ ಪ್ರಕಾರ ಅದು ಬಾಂಬ್ ಶೆಲ್ಟರ್, ಗೃಹಿಣಿಯರ ಪ್ರಕಾರ ಉಗ್ರಾಣ. ಹಲೀನಮ್ಮ ಅದನ್ನು ಬಂದ ದಿನವೇ ನೋಡಿಟ್ಟುಕೊಂಡಿದ್ದರು. ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲಿದ್ದ ಸೂಟ್‌ಕೇಸು, ಇಡ್ಲಿ ಪಾತ್ರೆ, ಕೆಟ್ಟ ಮಿಕ್ಸಿ ಹಾಲಿಗೆ ಬಂದು ಬಿದ್ದವು. ಮಕ್ಕಳು ಒಳಗೆ ಹೋದರು. ಕಾರಿಡಾರಿನಲ್ಲಿ ಒಣಹಾಕಿದ್ದ ಬಟ್ಟೆ ತೆಗೆಯುತ್ತಿದ್ದ ಎದುರುಮನೆಯ ಚೀನೀ ಅಜ್ಜಿ ಮಿಸೆಸ್ ಟಾನ್, ಬಟ್ಟೆಯ ಸಮೇತ ಒಳಗೆ ಹೋದರು. ಸ್ನಾನದ ಮನೆಯ ಬಾಗಿಲು ದಬದಬ ಬಡಿದದ್ದಕ್ಕೆ ಇಣುಕಿದ ದ್ವಾರಕನಾಥರು ಸೋಪಿನ ನೊರೆ, ಒಂದು ಟವೆಲ್ಲು ಸಮೇತ ಒಳಗೆ ಹೋದರು.

"ಆಂಟಿ, ಟೆಸ್ಟ್ ಅಷ್ಟೇ ಲಾ!" ಎಂದು ಜಾನ್ವಿ ಸಿಂಗಪುರದ ಧಾಟಿಯಲ್ಲಿ ಕಿರುಚುತ್ತಿದ್ದಳು. ಮಾತು ತಿರುಗಿಸುವ ಫೋನು ಅಡುಗೆಮನೆಯಲ್ಲಿತ್ತು.

ಅಕ್ಕಿ ಮೂಟೆಗೂ ನವರಾತ್ರಿ ಗೊಂಬೆಗಳ ಪೆಟ್ಟಿಗೆಗೂ ನಡುವೆ ಸಿಕ್ಕಿಕೊಂಡ ನಿರುಪಮಾ ಹಲೀನಮ್ಮನನ್ನೇ ನೋಡಿದರು. ಆಕೆ ಎಲ್ಲರಿಗಿಂತ ಕೊನೆಗೆ ಒಳಬಂದು, ತಲೆಗಳನ್ನು ಎಣಿಸಿ, ಬಾಗಿಲೆಳೆದುಕೊಂಡರು. ಆ ಕೈಯಲ್ಲಿ ಗಡಿಬಿಡಿಯೇ ಇರಲಿಲ್ಲ. ಆಮೇಲೆ ಏನೂ ಆಗಿಲ್ಲವೆಂಬಂತೆ, ಎಲ್ಲಿ ನಿಂತಿತ್ತೋ ಅದೇ ಸಾಲಿನಿಂದ ಹಾಡು ಮುಂದುವರಿಸಿದರು. ಮಕ್ಕಳೂ ಹಾಡಿದರು. ಮಿಸೆಸ್ ಟಾನ್ ಚಪ್ಪಾಳೆ ಹಾಕಿದರು. ದ್ವಾರಕನಾಥರಿಗೂ ಆಸೆಯಾಗಿತ್ತು, ಆದರೆ ಟವೆಲ್ಲು ಹಿಡಿದುಕೊಳ್ಳಬೇಕಿತ್ತು.

ಸೈರನ್ ನಿಂತಿತು. ಜಾನ್ವಿ ಕೈಸನ್ನೆ ಬಾಯಿಸನ್ನೆ ಎಲ್ಲ ಮಾಡಿ ವಿಷಯ ತಿಳಿಸಿದಳು. ಹಲೀನಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿ, ಕೊನೆಗೆ ಟವೆಲ್ಲು ನೋಡಿ, ಅಕ್ಕಿ ಮೂಟೆಯ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನಾನಿನ್ನು ಹೋಗಬಹುದಾ?" ಎಂದು ದ್ವಾರಕನಾಥರು ಕೇಳಿದರು.

ಮಕ್ಕಳೆಲ್ಲ ಹೋದ ಮೇಲೆ ನಿರುಪಮಾ ಕಾಫಿ ಬೆರೆಸಿ ತಂದು ಎದುರು ಕೂತರು. ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು ಅನ್ನಿಸಿತು.

"ನೋಡಿ ಹಲೀನಮ್ಮ, ಈ ಊರಲ್ಲಿ ಸೈರನ್ ಕೂಡ ಸುಳ್ಳೇ. ಇದನ್ನ ಬಿಟ್ಟು ಯಾಕೆ ಹೋಗ್ತೀರಾ?"

ಈ ಸಲ ಹಲೀನಮ್ಮ ನಗಲಿಲ್ಲ. ನಿಧಾನವಾಗಿ ಫೋನಿಗೆ ಹೇಳಿದರು. ಫೋನೂ ನಿಧಾನವಾಗಿಯೇ ನುಡಿಯಿತು.

"ಡಿಪೋದಲ್ಲಿ ನಾದಿಯಾ ಎಂಬವಳಿದ್ದಾಳೆ. ಮೊದಲು ಅವಳು ಹೆಂಗಸರ ಕೂದಲು ಕತ್ತರಿಸುತ್ತಿದ್ದಳು. ಅವಳ ಗಂಡನೂ ಮಗನೂ ಯುದ್ಧಭೂಮಿಯಲ್ಲಿದ್ದಾರೆ. ನಾನು ಇಲ್ಲಿ ನಿಮ್ಮ ರೊಟ್ಟಿ ತಿನ್ನುವಾಗ ನನ್ನ ಪಾಳಿಯನ್ನೂ ಅವಳೇ ಓಡಿಸುತ್ತಾಳೆ. ಮುಂಜಾನೆಯ ಬಸ್ಸಿಗೆ ಆಸ್ಪತ್ರೆಯ ದಾದಿಯರು ಹತ್ತುತ್ತಾರೆ. ಬಸ್ಸು ಬಾರದಿದ್ದರೆ ಅವರು ಹಿಮದಲ್ಲಿ ನಡೆಯುತ್ತಾರೆ."

ಹಲೀನಮ್ಮ ಒಂದು ಗುಟುಕು ಕಾಫಿ ಕುಡಿದು, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಮತ್ತೇನೋ ಹೇಳಿದರು. ಫೋನಿಗೆ ದನಿ ತಗ್ಗಿಸಲು ಬರುತ್ತಿರಲಿಲ್ಲ. "ಮತ್ತು, ಪೂಜ್ಯ ಮಹಿಳೆಯೇ, ನನಗೆ ಬಸ್ಸು ಓಡಿಸುವುದು ಬಹಳ ಇಷ್ಟ. ನನ್ನ ಮಗಳಿಗೆ ತಿಳಿಸಬೇಡಿ. ಯುದ್ಧವು ಕೊಟ್ಟ ಕೆಲಸವನ್ನು ಇಷ್ಟಪಡುವುದು ನಾಚಿಕೆಯ ಸಂಗತಿ."

ತಾನೂ ಒಂದು ದಿನ ರಜ ಹಾಕಿದರೆ ಆ ಉಗುಳುವ ಮಕ್ಕಳಿಗೆ ಯಾರು ತಿನ್ನಿಸುತ್ತಾರೋ ಎಂದು ಮನೆಯಲ್ಲಿ ಚಡಪಡಿಸುವುದು ನಿರುಪಮಾಗೆ ನೆನಪಾಯಿತು. ಎದ್ದು ಹೋಗಿ ಇನ್ನೊಂದು ಲೋಟ ಕಾಫಿ ತಂದರು.

ಮರುದಿನ ಸಂಜೆ ಜೋರ್ಯಾನಾಳನ್ನು ಎಂಆರ್‌ಟಿ ರೈಲು ಸ್ಟೇಷನ್ನಿನಲ್ಲೇ ತಡೆದು ಕೂರಿಸಿಕೊಂಡರು.

"ಜೋರಾ, ಅಮ್ಮನ್ನ ಕಳಿಸಿಕೊಡು."

"ಆಂಟಿ! ನೀವು ಯಾರ ಕಡೆ?"

"ನಿನ್ನ ಕಡೆನೇ ಇದ್ದೆ. ನಿನ್ನೆ ಸೋತುಬಿಟ್ಟೆ."

"ಅವಳಿಗೆ ಏನಾದ್ರೂ ಆದ್ರೆ? ಆ ಆ್ಯಪ್ ಕೂಗಿದಾಗಲೆಲ್ಲ ನನಗೇನಾಗುತ್ತೆ ಗೊತ್ತಾ ನಿಮಗೆ?"

"ಗೊತ್ತಿಲ್ಲ ಮಗಳೇ." ನಿರುಪಮಾ ಅವಳ ಕೈ ಹಿಡಿದರು. "ಹಿಡಿದಿಟ್ಟುಕೊಂಡ್ರೆ ಇರ್ತಾರೆ. ಆದ್ರೆ ದಿನಾ ಕಿಟಕೀಲಿ ನಿಂತು ಹೋಗೋ ಬರೋ ಬಸ್ಸು ನೋಡ್ತಾ ಇರ್ತಾರೆ. ಅವರು ಹೇಗೆ ಓಡಿಸ್ತಾರೆ ಅಂತ ನೀನು ಯಾವತ್ತಾದ್ರೂ ಕೇಳಿದ್ದೀಯಾ?"

"ಇಲ್ಲ. ಕೇಳಿದ್ರೆ ಭಯ ಆಗುತ್ತೆ."

"ಕೇಳು."

ಆ ದಿನ ತಾಯಿ ಮಗಳ ರೂಮಿನಿಂದ ಮೊದಲು ಕೂಗಾಟ ಕೇಳಿಸಿತು. ಮೆತ್ತಗಿನ ಹುಡುಗಿಯಲ್ಲೂ ಜೋರಿತ್ತೆಂದು ದಂಪತಿಗೆ ಗೊತ್ತಾಯಿತು. ದ್ವಾರಕನಾಥರು ಹೋಗಿ ನೋಡುತ್ತೇನೆಂದು ಎದ್ದಾಗ ನಿರುಪಮಾ ಅಂಗಿ ಹಿಡಿದು ಕೂರಿಸಿದರು. ಆಮೇಲೆ ನಗು ಶುರುವಾಯಿತು, ಇಬ್ಬರದೂ.

ಜೋರ್ಯಾನಾ ಕೆಂಪಾದ ಕಣ್ಣು ಒರೆಸಿಕೊಳ್ಳುತ್ತಾ ಹೊರಬಂದಳು. "ಒಂದ್ಸಲ ಜಂಕ್ಷನ್‌ನಲ್ಲಿ ತಪ್ಪು ತಂತಿ ಹಿಡಿದು ಬಸ್ಸನ್ನ ಊರಿನ ಇನ್ನೊಂದು ತುದಿಗೇ ತಗೊಂಡು ಹೋಗಿದ್ದಳಂತೆ ಆಂಟಿ. ಪ್ಯಾಸೆಂಜರ್ಸ್ ಒಬ್ಬರೂ ತುಟಿಪಿಟಿಕ್ ಅನ್ನಲಿಲ್ವಂತೆ. ಅವಳಿಗೆ ಹೆದರಿಕೊಂಡು!"

ಹೊರಡುವ ದಿನ ಚಾಂಗಿ ವಿಮಾನ ನಿಲ್ದಾಣದಲ್ಲಿ ಹಲೀನಮ್ಮನ ಪೆಟ್ಟಿಗೆ ಮಿತಿ ಮೀರಿ ತೂಗಿತು. ಬಿಚ್ಚಿ ನೋಡಿದರೆ ನಿರುಪಮಾ ಕೊಟ್ಟ ಚಟ್ನಿಪುಡಿ, ಸಾರಿನಪುಡಿ, ಡಿಪೋದವರಿಗೆಂದು ಕಟ್ಟಿದ ಕೊಬ್ಬರಿ ಮಿಠಾಯಿ. ಕೌಂಟರಿನ ಹುಡುಗಿ ಏನಾದರೊಂದು ತೆಗೆಯಿರಿ ಎಂದಳು. ಹಲೀನಮ್ಮ ಒಂದು ಸ್ವೆಟರು ತೆಗೆದು ಅಲ್ಲೇ ತೊಟ್ಟುಕೊಂಡರು, ಅದರ ಮೇಲೆ ಇನ್ನೊಂದು, ಅದರ ಮೇಲೆ ಕೋಟು. ಬೆವರು ಇಳಿಯುತ್ತಿತ್ತು, ಮಿಠಾಯಿ ಮಾತ್ರ ಒಂದೂ ಹೊರಬರಲಿಲ್ಲ. ಮಗಳನ್ನು ತಬ್ಬಿಕೊಳ್ಳಲು ಹೋದರೆ ಅಷ್ಟು ಬಟ್ಟೆಯ ಮೇಲೆ ಕೈ ಸುತ್ತಲು ಅವಳಿಗೆ ಆಗಲಿಲ್ಲ. ಇಬ್ಬರೂ ಹಾಗೇ ಅಂಟಿಕೊಂಡು ನಗುತ್ತ, ಅಳುತ್ತ ಬಹಳ ಹೊತ್ತು ನಿಂತರು. ನಿರುಪಮಾ ಬೇರೆ ಕಡೆ ನೋಡಿದರು. ದ್ವಾರಕನಾಥರು ಮೂಗು ಒರೆಸಿಕೊಂಡರು.

ಪೋಲೆಂಡಿನ ವಾರ್ಸಾದವರೆಗೆ ವಿಮಾನ, ಅಲ್ಲಿಂದಾಚೆ ರೈಲು. ಊರು ಮುಟ್ಟಿದ ಮರುದಿನ ಮುಂಜಾನೆಯೇ ಹಲೀನಮ್ಮ ಪಾಳಿಗೆ ಹೋದರು. ದಾದಿಯರೆಲ್ಲ ಮಿಠಾಯಿ ಬಾಯಿಗೆ ಹಾಕಿಕೊಂಡೇ ಆಸ್ಪತ್ರೆ ಸೇರಿದರಂತೆ. ನಾದಿಯಾ ಮಾತ್ರ ತನ್ನ ಪಾಲನ್ನು ತಿನ್ನಲಿಲ್ಲ. ಬಸ್ಸಿನ ಬೀಗದ ಕೈ ಹಲೀನಮ್ಮನ ಕೈಗಿಟ್ಟು, ಮನೆಗೆ ಹೋಗಿ, ಬೂಟು ಕೂಡ ಬಿಚ್ಚದೆ ಮಲಗಿದವಳು ಮಾರನೆಯ ದಿನ ಮಧ್ಯಾಹ್ನದವರೆಗೂ ಏಳಲೇ ಇಲ್ಲವಂತೆ.