ಅತ್ತೆಯ ಪೇಸ್‌ಮೇಕರ್ ಮತ್ತು ನನ್ನ ಮೂರು ದಿನ

ಎಂಬತ್ತರ ದಶಕದ ಆರಂಭದಲ್ಲಿ ಮಣಿಪಾಲದ ಆಸ್ಪತ್ರೆಯೊಂದರಲ್ಲಿ ನನ್ನ ಅತ್ತೆಯ ಎದೆಗೆ ಪೇಸ್‌ಮೇಕರ್ ಇಟ್ಟರು. ಅಂಥದ್ದೊಂದನ್ನು ಕಾಪುವಿನ ನಮ್ಮ ಆಸುಪಾಸಿನಲ್ಲಿ ಯಾರೂ ಕಂಡವರಲ್ಲ. ಅತ್ತೆಯ ನಾಡಿ ತೀರಾ ನಿಧಾನವಾಗಿ, ದೇವರ ಕೋಣೆಯಲ್ಲೇ ತಲೆ ತಿರುಗಿ ಬಿದ್ದಿದ್ದರು. ಪೇಸ್‌ಮೇಕರನ್ನು ಅವರು ಮಿಷನ್ ಎನ್ನುತ್ತಿದ್ದರು.

ಮನೆಗೆ ಕಳಿಸುವಾಗ ಡಾಕ್ಟರು ಎಚ್ಚರಿಸಿದರು. ಉತ್ತರ ಭಾರತದ ಯುವಕ, ಕನ್ನಡವನ್ನು ಪುಸ್ತಕ ಇಟ್ಟುಕೊಂಡು ಕಲಿತವರು.

"ಹೃದಯದೊಳಗೆ ತಂತಿ ಇನ್ನೂ ಗಟ್ಟಿಯಾಗಿ ಕುಳಿತಿಲ್ಲ. ಕೆಲವು ವಾರ ಎಡಗೈ ಮೇಲೆ ಎತ್ತಬಾರದು. ತಂತಿ ಜಾರಿದರೆ ಗಾಯವನ್ನು ಪುನಃ ತೆರೆಯಬೇಕು, ಆಗ ಕೀವು ತುಂಬುವ ಅಪಾಯವಿದೆ."

ನಾನು ಅದನ್ನೆಲ್ಲ ತುಳುವಿನಲ್ಲಿ ಹೇಳಿದೆ. ಅತ್ತೆ ತಲೆಯಾಡಿಸಿದರು.

ನಮ್ಮದು ಮಡಿಯ ಮನೆ. ಗಂಡನಿಗೆ ಕಾರ್ಕಳದ ಶಾಲೆಯಲ್ಲಿ ಕೆಲಸ, ಬರುವುದು ಶನಿವಾರ. ಉಳಿದ ದಿನ ನಾವಿಬ್ಬರೇ. ಬಾವಿಯ ನೀರು ನಾನೇ ಸೇದುತ್ತಿದ್ದೆ, ತಿಂಗಳ ಆ ಮೂರು ದಿನ ಬಿಟ್ಟು. ಆಗ ನಾನು ಹಿಂದಿನ ಜಗಲಿಯಲ್ಲಿ, ನಮ್ಮ ಮಾತಿನಲ್ಲಿ ಹೇಳುವುದಾದರೆ 'ಹೊರಗೆ'. ನಿಜ ಹೇಳುತ್ತೇನೆ, ಆ ದಿನಗಳು ನನಗೆ ಇಷ್ಟವಾಗಿದ್ದವು. ಒಲೆ ಇಲ್ಲ, ಪಾತ್ರೆ ಇಲ್ಲ. ಒಂದು ಚಾಪೆ, ಒಂದು ವಾರಪತ್ರಿಕೆ. ಮದುವೆಯಾದ ಮೇಲೆ ನನಗೆ ಸಿಕ್ಕಿದ ರಜೆ ಅದೊಂದೇ.

ಆಸ್ಪತ್ರೆಯಿಂದ ಬಂದ ಸ್ವಲ್ಪ ದಿನಕ್ಕೇ ನಾನು ಹೊರಗಾದೆ. ಬೆಳಿಗ್ಗೆ ಬಾವಿಯ ರಾಟೆ ಕಿರುಗುಟ್ಟಿತು.

"ಅತ್ತೆ, ಕೈ!" ಎಂದು ಕೂಗಿದೆ. "ಪಕ್ಕದ ಮನೆಯವರನ್ನು ಕರೆಯಿರಿ."

"ಅವರು ಸೇದಿದ್ದು ದೇವರಿಗೆ ಆಗ್ತದಾ? ಡಾಕ್ಟರು ಎತ್ತಬಾರದು ಅಂತ ಹೇಳಿದ್ದು. ಇದು ಎಳೆಯುವುದು ಅಲ್ವಾ ಮಾರಾಯ್ತಿ?"

ನನಗೆ ನಗು ಬಂತು. ಪತ್ರಿಕೆಯ ಧಾರಾವಾಹಿಗೆ ಮರಳಿದೆ. ರಾಟೆ ಮತ್ತೆ ಮತ್ತೆ ಕಿರುಗುಟ್ಟುವುದು ಕೇಳಿಸುತ್ತಲೇ ಇತ್ತು.

ಮರುದಿನ ಅವರಿಗೆ ಬಿಕ್ಕಳಿಕೆ ಹಿಡಿಯಿತು. ಏನು ಮಾಡಿದರೂ ನಿಲ್ಲಲಿಲ್ಲ. ಕಟಪಾಡಿಯ ಮಗಳು ನೆನೆಸಿಕೊಳ್ಳುತ್ತಿರಬೇಕು ಎಂದು ಅವರೇ ತಮಾಷೆ ಮಾಡಿದರು. ಅದರ ಮರುದಿನ ಬಾವಿಕಟ್ಟೆಯ ಹತ್ತಿರ ಕೊಡಪಾನ ಉರುಳಿದ ಸದ್ದಾಯಿತು. ಓಡಿಹೋಗಿ ಅವರನ್ನು ತಬ್ಬಿ ಎತ್ತಿದೆ. ಕಣ್ಣು ಅರ್ಧ ಮುಚ್ಚಿತ್ತು. ಆದರೂ ತುಟಿ "ಮುಟ್ಟಬೇಡ" ಎಂದಿತು.

ಮತ್ತೆ ಮಣಿಪಾಲಕ್ಕೆ ಒಯ್ದು ನೋಡಿದರೆ, ತಂತಿ ಜಾರಿತ್ತು. ಅದರ ವಿದ್ಯುತ್ತು ಸರಿಯಾದ ಜಾಗಕ್ಕೆ ತಲುಪದೆ, ಎದೆಯ ಕೆಳಗಿನ ಸ್ನಾಯುವನ್ನು ಕುಣಿಸಿ ಬಿಕ್ಕಳಿಕೆ ತಂದಿದ್ದಂತೆ. ಡಾಕ್ಟರಿಗೆ ಸಿಟ್ಟು ಬಂದಿತ್ತು.

"ನೀರು ಯಾಕೆ ಸೇದಿದಿರಿ? ಸೊಸೆ ಇರಲಿಲ್ಲವೇ?"

ಅತ್ತೆ ತಮಗೆ ಬರುವ ಕನ್ನಡದಲ್ಲಿ, "ಅವಳು ಹೊರಗೆ ಇದ್ದದ್ದು" ಎಂದರು.

ಡಾಕ್ಟರು ನನ್ನ ಕಡೆ ತಿರುಗಿದರು. "ಇಂಥ ಸಮಯದಲ್ಲಿ ಇವರನ್ನು ಬಿಟ್ಟು ಎಲ್ಲಿಗೆ ಹೋಗಿದ್ದಿರಿ?"

ಕಾರ್ಕಳದಿಂದ ಓಡಿಬಂದ ಗಂಡ ನೆಲ ನೋಡುತ್ತ ನಿಂತರು. ಆ ಮಾತನ್ನು ಗಂಡಸಿಗೆ ಬಿಡಿಸಿ ಹೇಳುವ ಧೈರ್ಯ ನನಗಿರಲಿಲ್ಲ. "ಉಡುಪಿಗೆ" ಎಂದುಬಿಟ್ಟೆ. ಬೈಗುಳ ತಿಂದೆ. ತಿನ್ನುವಾಗ ಒಂದು ಬಗೆಯ ಸಮಾಧಾನವೂ ಆಯಿತು, ಏಕೆಂದರೆ ಉಡುಪಿಗೆ ಹೋದವಳಿಗೆ ರಾಟೆಯ ಸದ್ದು ಕೇಳಿಸುವುದಿಲ್ಲ.

ಗಾಯ ತೆರೆದು ತಂತಿಯನ್ನು ಸರಿಯಾಗಿ ಕೂರಿಸಿದರು. ಡಾಕ್ಟರು ಹೆದರಿದ್ದಂತೆಯೇ ಕೀವಾಯಿತು, ಜ್ವರ ಬಂತು. ಮಿಷನನ್ನೇ ತೆಗೆದು ಬಲಗಡೆ ಬೇರೆ ಇಡಬೇಕಾಯಿತು. ಆಸ್ಪತ್ರೆಯಲ್ಲೇ ತಿಂಗಳು ಕಳೆಯಿತು. ಮತ್ತೆ ನನ್ನ ದಿನ ಬಂತು. ವಾರ್ಡಿನಲ್ಲಿ ಹಿಂದಿನ ಜಗಲಿ ಎಲ್ಲಿಂದ ಬರಬೇಕು? ನಾನೇ ಅವರ ಮೈ ಒರೆಸಿದೆ, ಗಂಜಿ ಕುಡಿಸಿದೆ, ಲೋಟದಲ್ಲಿ ನೀರು ಹಿಡಿದೆ. ಅವರಿಗೆ ಗೊತ್ತಿತ್ತು. ನನ್ನ ದಿನಗಳ ಲೆಕ್ಕ ನನಗಿಂತ ಚೆನ್ನಾಗಿ ಇಟ್ಟವರು ಅವರು. ಲೋಟವನ್ನೊಮ್ಮೆ ನೋಡಿ, ನೀರು ಕುಡಿದರು.

"ತಪ್ಪು ನನ್ನದೇ," ಎಂದರು. "ಆವತ್ತು ನಿನ್ನನ್ನೇ ಕರೆಯಬೇಕಿತ್ತು. ಮಡಿ ಮಡಿ ಅಂತ ಕೂತೆ." ಆಮೇಲೆ, "ಕರೆದಿದ್ದರೆ ನೀನು ಬರ್ತಿದ್ದೆ ಅಲ್ವಾ?" ಎಂದು ಕೇಳಿದರು.

"ಖಂಡಿತ ಬರ್ತಿದ್ದೆ ಅತ್ತೆ" ಎಂದು ಅವರ ಬಾಯಿ ಒರೆಸಿದೆ. ಅವರು ನಂಬಿದರು.