ಮನೆಯ ನೀರು, ಅತ್ತೆಯ ಕೈ

ನಮ್ಮ ಅತ್ತೆಗೆ ಕೊಳೆ ಕಂಡರೆ ಆಗುತ್ತಿರಲಿಲ್ಲ. ಆದರೆ ಕೊಳೆಗಿಂತಲೂ ಆಗದಿದ್ದದ್ದು ಒಗೆದ ಬಟ್ಟೆಯಲ್ಲಿ ಉಳಿದುಹೋದ ಸೋಪು. ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆದು ಒಗೆದು ಕೂದಲು ಬೆಳ್ಳಗಾದವರು ಅವರು. "ಕೊಳೆ ಆದ್ರೆ ಕಣ್ಣಿಗೆ ಕಾಣುತ್ತೆ, ಯಾರಾದ್ರೂ ಬೈತಾರೆ. ಸೋಪು ಕಾಣಲ್ಲ. ಮಲಗಿರೋ ರೋಗಿ ಬೆನ್ನು ಕೆರ್ಕೊಂಡು ಒದ್ದಾಡ್ತಾನೆ, ಪಾಪ, ಯಾಕೆ ಅಂತ ಅವನಿಗೇ ಗೊತ್ತಿರಲ್ಲ," ಎನ್ನುತ್ತಿದ್ದರು. ಅದಕ್ಕೇ ಬಟ್ಟೆ ಜಾಲಿಸುವ ವಿಷಯದಲ್ಲಿ ಅವರು ಯಾರನ್ನೂ ನಂಬಿದವರಲ್ಲ. ಒದ್ದೆ ಬಟ್ಟೆಯನ್ನು ಎರಡು ಬೆರಳ ನಡುವೆ ಉಜ್ಜಿದರೆ ಕಿರ್ ಎನ್ನಬೇಕು, ಆಮೇಲೇ ಅದು ಹಗ್ಗಕ್ಕೆ ಹೋಗಬೇಕು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಗೆದ ದಿಂಬಿನ ಚೀಲಗಳನ್ನು ನನ್ನ ಕಣ್ಣೆದುರೇ ಮತ್ತೆ ಬಕೆಟ್ಟಿಗೆ ಹಾಕಿದ್ದರು. ನನಗೂ ಕೋಪ ಮೂಗಿನ ತುದಿಯಲ್ಲೇ. ವಾರವಿಡೀ ಮುಖ ಊದಿಸಿಕೊಂಡು ಓಡಾಡಿದೆ. ಅದು ಅವರ ಗಮನಕ್ಕೇ ಬರಲಿಲ್ಲ ಎಂಬುದು ಇವತ್ತಿಗೂ ನನ್ನ ಹೊಟ್ಟೆ ಉರಿಸುತ್ತದೆ.

ಅಷ್ಟು ವರ್ಷದ ಸೋಪು ನೀರು ಅವರ ಕೈಯನ್ನು ಸುಮ್ಮನೆ ಬಿಟ್ಟೀತೇ? ಅಂಗೈ ಒರಟು, ಬೆರಳ ಸಂದಿಯಲ್ಲೆಲ್ಲ ಬಿರುಕು. ಚಳಿ ಬಂದರೆ ಬಿರುಕಿನಿಂದ ರಕ್ತವೂ ಜಿನುಗುತ್ತಿತ್ತು. ಲಿಫ್ಟ್ ರಿಪೇರಿ ಮಾಡುವ ನನ್ನ ಗಂಡ ಚಿಕ್ಕಂದಿನಿಂದಲೂ ತಾಯಿಯ ಕಾಲೆಳೆಯುತ್ತಿದ್ದದ್ದು ಇದಕ್ಕೇ. "ನಮ್ಮಮ್ಮ ಬೆನ್ನು ಉಜ್ಜಿದ್ರೆ ಬ್ರಷ್ಷೇ ಬೇಡ," ಎನ್ನುತ್ತಿದ್ದರು. ಅತ್ತೆಯೂ ನಗುತ್ತಿದ್ದರು.

ಇನ್ನು ನಮ್ಮ ಮನೆಯ ನೀರು. ಬೋರ್‌ವೆಲ್ಲಿನದು, ಸುಣ್ಣ ತುಂಬಿದ ಗಡಸು ನೀರು. ನಲ್ಲಿಗಳ ಬಾಯಿಗೆಲ್ಲ ಬಿಳಿ ಪದರ ಕಟ್ಟಿತ್ತು. ಶವರ್ ತಿರುಗಿಸಿದರೆ ನೀರು ನನ್ನ ತಲೆಯೊಂದನ್ನು ಬಿಟ್ಟು ನಾಲ್ಕೂ ಗೋಡೆಗೆ ಸ್ನಾನ ಮಾಡಿಸುತ್ತಿತ್ತು. ಗೀಸರ್ ಅಂತೂ ವರ್ಷ ತುಂಬುವುದರೊಳಗೆ ಕೈಕೊಡುತ್ತಿತ್ತು. ಅಡುಗೆಮನೆಗೆ ಮಾತ್ರ ಪುಟ್ಟದೊಂದು ಫಿಲ್ಟರ್ ಹಾಕಿಸಿ, ಕುಡಿಯುವ ನೀರು ಸರಿಯಾಯಿತಲ್ಲ ಎಂದು ಕೈತೊಳೆದುಕೊಂಡಿದ್ದೆವು. ನಾಲ್ಕು ಲೋಟ ಹೊಟ್ಟೆಗೆ ಹೋಗುವ ನೀರಿಗೆ ಅಷ್ಟು ಉಪಚಾರ. ಬಕೆಟ್ಟುಗಟ್ಟಲೆ ಮೈಮೇಲೆ ಸುರಿದುಕೊಳ್ಳುವ ನೀರಿನ ಯೋಚನೆ ನಮ್ಮಲ್ಲಿ ಒಬ್ಬರಿಗೂ ಬಂದಿರಲಿಲ್ಲ.

ನನ್ನ ಮಗಳು ಹುಟ್ಟಿದಾಗ ಅತ್ತೆ ಕೆಲಸ ಬಿಟ್ಟರು. ಗುಬ್ಬಿ ಎಂದು ಹೆಸರಿಟ್ಟು ಕರೆದವರೂ ಅವರೇ. ಸಣ್ಣ ಟಬ್ಬಿನಲ್ಲಿ ಅವಳಿಗೆ ಸ್ನಾನ ಮಾಡಿಸುವುದೆಂದರೆ ಅವರಿಗೆ ಹಿಡಿಸಲಾರದಷ್ಟು ಖುಷಿ. ಮಗು ಕಾಲು ಬಡಿದು ಇವರ ಮುಖಕ್ಕೆ ನೀರು ಎರಚುವುದು, ಇವರು "ಅಯ್ಯೋ ಪೋಕರಿ" ಎನ್ನುವುದು, ಅವಳು ಕೇಕೆ ಹಾಕುವುದು. ಆಪ್ಟಿಕಲ್ ಅಂಗಡಿಯ ಕೆಲಸಕ್ಕೆ ಹೊರಟು ನಿಂತ ನಾನು ಬಾಗಿಲಲ್ಲೇ ನಿಂತು ನೋಡಿ ದಿನಾ ತಡಮಾಡಿಕೊಳ್ಳುತ್ತಿದ್ದೆ.

ಗುಬ್ಬಿ ತೆವಳಲು ಶುರುಮಾಡಿದ ಕಾಲಕ್ಕೆ ಅವಳ ಮೊಣಕೈ, ಮಂಡಿಗಳ ಮಡಿಕೆಯಲ್ಲಿ ಕೆಂಪು ಕಲೆ ಎದ್ದವು. ಚರ್ಮ ಒಣಗಿ ಒರಟಾಯಿತು. ಕೆರೆದುಕೊಂಡು ಕೆರೆದುಕೊಂಡು ಅಳುತ್ತಿದ್ದಳು. ಒಂದು ಬೆಳಿಗ್ಗೆ ಅತ್ತೆ ಟವೆಲ್ಲನ್ನು ನನ್ನ ಕೈಗೆ ಕೊಟ್ಟರು.

"ಇನ್ಮೇಲೆ ನೀನೇ ಸ್ನಾನ ಮಾಡಿಸಮ್ಮ."

"ಯಾಕತ್ತೆ, ಸೊಂಟ ನೋವಾ?"

"ಸೊಂಟ ಅಲ್ಲ. ನನ್ನ ಕೈ. ಇಂಥ ಕೈಲಿ ಎಳೇ ಮೈ ಉಜ್ಜಿದ್ರೆ ಇನ್ನೇನಾಗುತ್ತೆ? ನನ್ನ ಮಗ ಹೇಳ್ತಿದ್ದದ್ದು ತಮಾಷೆಗಾದ್ರೂ ನಿಜಾನೇ."

ನಾನು ಬೇಡವೆಂದೆ, ಬೇಡಿಕೊಂಡೆ, ಬೈದೂ ಬೈದೆ. ತಮ್ಮ ತಮಾಷೆ ಹೀಗೆ ತಿರುಗಬಹುದೆಂದು ನನ್ನ ಗಂಡನಿಗೆ ಕನಸಿನಲ್ಲೂ ಗೊತ್ತಿರಲಿಲ್ಲ. ತಾಯಿಯ ಮುಂದೆ ಕೂತು ಕಣ್ಣೀರು ಹಾಕಿದರು. ಹಿಡಿದ ಪಟ್ಟು ಬಿಡುವ ಹೆಂಗಸಲ್ಲ ಅದು. ಸ್ನಾನ ಹೋಗಲಿ, ಎತ್ತಿಕೊಳ್ಳುವುದನ್ನೂ ಬಿಟ್ಟರು. ತೊಟ್ಟಿಲ ಪಕ್ಕ ಕುರ್ಚಿ ಹಾಕಿಕೊಂಡು, ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡು, ಮಗುವಿನ ಜೊತೆ ಬರೀ ಮಾತಾಡುತ್ತಿದ್ದರು. ಗುಬ್ಬಿ ಎರಡೂ ತೋಳು ಚಾಚುತ್ತಿದ್ದಳು.

ಅದೇ ವಾರ ಚರ್ಮದ ಡಾಕ್ಟರಲ್ಲಿಗೆ ಹೋದೆವು. ಹಾಲು, ಬಟ್ಟೆ, ಎಣ್ಣೆ ಎಲ್ಲ ವಿಚಾರಿಸಿ ಕೊನೆಗೆ ಆಕೆ ಕೇಳಿದ್ದು, ಸ್ನಾನಕ್ಕೆ ಯಾವ ನೀರು ಎಂದು. "ನೀರೊಂದೇ ಕಾರಣ ಅಂತ ನಾನು ಹೇಳಲ್ಲ. ಆದ್ರೆ ಈ ಮಗೂದು ಮೊದಲೇ ಒಣ ಚರ್ಮ, ಗಡಸು ನೀರು ಅದನ್ನ ಇನ್ನೂ ಕೆಣಕ್ತಿರಬಹುದು. ಮುಲಾಮು ಹಚ್ಚಿ, ಸಾಧ್ಯವಾದ್ರೆ ನೀರನ್ನೂ ಸರಿಮಾಡ್ಕೊಳ್ಳಿ." ಮನೆಗೆ ಬಂದು ಇದನ್ನೇ ಹೇಳಿದರೆ ಅತ್ತೆ, "ಡಾಕ್ಟರ್ ನನ್ನ ಕೈ ನೋಡಿದಾರಾ?" ಎಂದು ಬಾಯಿ ಮುಚ್ಚಿಸಿದರು.

ಅಡುಗೆಮನೆಯ ಫಿಲ್ಟರಿನಿಂದ ಟಬ್ಬು ತುಂಬಿಸಲು ಹೋದರೆ ನೀರು ತೊಟ್ಟು ತೊಟ್ಟಾಗಿ ಬಂದು ತಾಳ್ಮೆ ಕೆಡಿಸುತ್ತಿತ್ತು. ಮಗುವಿನ ಸ್ನಾನಕ್ಕೊಂದೇ ಅಲ್ಲ, ಅವಳ ಬಟ್ಟೆಗೂ, ಹೊದಿಕೆಗೂ ಒಳ್ಳೆಯ ನೀರು ಬೇಕಲ್ಲ. ಕಡೆಗೆ ತಾರಸಿಯ ಟ್ಯಾಂಕಿನಿಂದ ಇಳಿಯುವ ಪೈಪಿಗೇ, ಇಡೀ ಮನೆಗೆಂದು, ದೊಡ್ಡ ಫಿಲ್ಟರ್ ಕೂಡಿಸಿದೆವು. ಕೂಡಿಸಲು ಬಂದ ಫಿಲ್ಟರಿನವನು ಆಜಾನುಬಾಹು, ದನಿ ಮಾತ್ರ ಪಿಸುಮಾತು. ಒಂದು ಸಿಲಿಂಡರು ಮಣ್ಣು ತಡೆಯುತ್ತದೆ, ಇನ್ನೊಂದು ಸುಣ್ಣ ಹೀರಿ ನೀರನ್ನು ಮೆದು ಮಾಡುತ್ತದೆ ಎಂದು ತೋರಿಸಿದ. ಪಕ್ಕದಲ್ಲೊಂದು ಕೆಂಪು ಹಿಡಿ. "ಇದನ್ನ ಅಡ್ಡ ತಿರುಗಿಸಿದ್ರೆ ನೀರು ಫಿಲ್ಟರಿಗೆ ಹೋಗಲ್ಲ, ಹಳೇ ನೀರೇ ನೇರವಾಗಿ ಬರುತ್ತೆ. ರಿಪೇರಿ ಟೈಮಿಗೆ ಮಾತ್ರ," ಎಂದ. ಅತ್ತೆ ಎಲ್ಲವನ್ನೂ ಕಿವಿಗೊಟ್ಟು ಕೇಳಿಸಿಕೊಂಡರು.

ಮೊದಲ ದಿನವೇ ಅತ್ತೆ ಎಂದಿನ ಅಳತೆಯ ಪುಡಿ ಸುರಿದು ವಾಷಿಂಗ್ ಮೆಷಿನ್ ಹಾಕಿದರು. ನೊರೆ ಉಕ್ಕಿ ಬಚ್ಚಲು ದಾಟಿ ಹಜಾರಕ್ಕೆ ಬಂತು. ನನ್ನ ಗಂಡ ಪ್ಯಾಂಟು ಮಡಿಚಿಕೊಂಡು ಅದರಲ್ಲಿ ಕುಣಿದರು. ಮುಂದೆ ಚಿಟಿಕೆ ಪುಡಿಗೇ ಬಟ್ಟೆ ಬೆಳ್ಳಗಾಗತೊಡಗಿದವು. ನಲ್ಲಿಗಳು ಒರೆಸಿದರೆ ಒರೆಸಿದ ಹಾಗೇ ಹೊಳೆಯುತ್ತಿದ್ದವು. ನನ್ನ ಕೂದಲು ಬಾಚಣಿಗೆಯ ಮಾತು ಕೇಳತೊಡಗಿತು. ಎಲ್ಲಕ್ಕಿಂತ ಹೆಚ್ಚಾಗಿ, ಗುಬ್ಬಿಯ ಕಲೆಗಳು ದಿನೇ ದಿನೇ ಮಾಸಿದವು. ನಾನು ಮುಲಾಮಿಗೂ ನೀರಿಗೂ ಕೈಮುಗಿದೆ. ಅತ್ತೆ ಮಾತ್ರ ತಣ್ಣಗೆ, "ನೋಡಿದ್ಯಾ, ನಾನು ದೂರ ಇದ್ದದ್ದಕ್ಕೇ ವಾಸಿಯಾಗ್ತಿದೆ," ಎಂದರು. ಮಗು ಗುಣವಾದಷ್ಟೂ ಅಜ್ಜಿ ದೂರವಾಗುತ್ತಿದ್ದರು.

ಆಮೇಲೆ ಕಲೆಗಳು ಮರಳಿ ಬಂದವು. ಮೊದಲು ಮಂಡಿಯ ಹಿಂದೆ, ಆಮೇಲೆ ಮೊಣಕೈಗೆ. ನಲ್ಲಿ ನೋಡಿದರೆ ಅದರ ಬಾಯಿಗೆ ಮತ್ತೆ ಬಿಳಿ ಪದರ. ಫಿಲ್ಟರಿನವನಿಗೆ ಫೋನು ಮಾಡಿ ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. ಪಾಪ, ಅವನು ಬಂದು ತಾರಸಿ ಹತ್ತಿ ಇಳಿದು, ಅದೇ ಪಿಸುದನಿಯಲ್ಲಿ, "ಫಿಲ್ಟರ್ ಸರಿಯಾಗೇ ಇದೆ ಮೇಡಂ. ಹಿಡಿ ಯಾರೋ ಅಡ್ಡ ತಿರುಗಿಸಿದಾರೆ," ಎಂದ.

ನಾನು ಗಂಡನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು.

"ನಾನೇ," ಎಂದರು ಅತ್ತೆ, ತೊಟ್ಟಿಲ ಪಕ್ಕದಿಂದ. "ಆ ಫಿಲ್ಟರ್ ನೀರಲ್ಲಿ ಸೋಪು ಹೋಗ್ತಾನೇ ಇರಲಿಲ್ಲ. ಎಷ್ಟು ಸಲ ಜಾಲಿಸಿದ್ರೂ ಬಟ್ಟೆ ಜಾರುತ್ತೆ, ಕಿರ್ ಅನ್ನಲ್ಲ. ನನ್ನ ಮೈಯೂ ಜಾರುತ್ತೆ. ಅಷ್ಟು ಸೋಪು ಮಗೂ ಮೈಮೇಲೆ ಉಳಿದ್ರೆ? ಆಸ್ಪತ್ರೇಲಿ ಎಷ್ಟು ಜನರನ್ನ ನೋಡಿದೀನಿ ನಾನು."

ಫಿಲ್ಟರಿನವನು ಎರಡು ಲೋಟ ತರಿಸಿದ. ಒಂದರಲ್ಲಿ ಹಳೆಯ ನೀರು, ಒಂದರಲ್ಲಿ ಮೆದು ನೀರು. ಎರಡಕ್ಕೂ ಬಚ್ಚಲಿನ ಸೋಪನ್ನು ಒಂದಿಷ್ಟು ಕೆರೆದು ಹಾಕಿ ಕಲಕಿದ. ಮೆದು ನೀರು ನೊರೆಯೆದ್ದು ತಿಳಿಯಾಗಿ ನಿಂತಿತು. ಹಳೆಯ ನೀರಿನ ಮೇಲೆ ಮಾತ್ರ ಒಡೆದ ಹಾಲಿನಂಥ ಕೆನೆ ತೇಲಿತು.

"ಈ ಕೆನೇನೇ, ಅಮ್ಮ, ಮೈಮೇಲೆ, ಬಟ್ಟೇಲಿ ಉಳಿಯೋದು. ಸೋಪೂ ಸುಣ್ಣವೂ ಸೇರಿ ಹಿಂಗಾಗುತ್ತೆ. ಇದು ಅಂಟಿದ್ರೇನೇ ಕಿರ್ ಅನ್ನೋದು. ಜಾರಿದ್ರೆ ತೊಳೆದುಹೋಗಿದೆ ಅಂತಾನೇ ಲೆಕ್ಕ."

ಅತ್ತೆ ಲೋಟದೊಳಗೆ ಬೆರಳದ್ದಿ, ಕೆನೆಯನ್ನು ಉಜ್ಜಿ ನೋಡಿದರು. ಕಿರ್ ಎಂದಿತು, ಜೀವಮಾನವಿಡೀ ಅವರು ನಂಬಿದ ಶಬ್ದ. ಆದರೆ ಅವರು ಬೇರೆ ಇನ್ನೇನನ್ನೋ ಯೋಚಿಸುತ್ತಿದ್ದಾರೆ ಎಂದು ಮುಖದಲ್ಲಿ ಗೊತ್ತಾಗುತ್ತಿತ್ತು.

"ನಾನು ಹಿಡಿ ತಿರುಗಿಸಿದ ಮೇಲೆ ತಾನೇ ಕಲೆ ವಾಪಸ್ ಬಂದದ್ದು?"

"ಹೌದತ್ತೆ."

"ಆದ್ರೆ ನಾನು ಇವಳನ್ನ ಮುಟ್ಟೇ ಇಲ್ವಲ್ಲ."

ಅತ್ತೆ ನಮ್ಮಿಬ್ಬರನ್ನೂ ಬಿಟ್ಟು ಫಿಲ್ಟರಿನವನ ಕಡೆ ತಿರುಗಿದರು.

"ಹಾಗಾದ್ರೆ ನಾನು ಮಗೂನ ಎತ್ಕೋಬಹುದಾ?"

ಆ ದೈತ್ಯದೇಹಿ ಕೈಯಲ್ಲಿದ್ದ ಸ್ಪ್ಯಾನರನ್ನು ಸುಮ್ಮಸುಮ್ಮನೆ ಒರೆಸಿದ. "ಅದನ್ನ ನನ್ನ ಕೇಳ್ತೀರಲ್ಲ ಅಮ್ಮ," ಎಂದ.

ನನ್ನ ಗಂಡ ಗುಬ್ಬಿಯನ್ನು ತೊಟ್ಟಿಲಿಂದೆತ್ತಿ ತಾಯಿಯ ತೋಳಿಗೆ ಕೊಟ್ಟರು. ಆ ಹಿಡಿತ ಮಗುವಿಗೆ ಮರೆತುಹೋಗಿತ್ತೋ ಏನೋ, ಮೂತಿ ಸೊಟ್ಟಗೆ ಮಾಡಿ ಜೋರಾಗಿ ಅಳಲು ಶುರುಮಾಡಿದಳು, ನನ್ನ ಕಡೆ ಬಾಗಿದಳು. ಅತ್ತೆಯ ಮುಖ ಒಂದು ಕ್ಷಣ ಬಾಡಿತು. ಕೊಟ್ಟುಬಿಡುತ್ತಾರೆ ಎಂದುಕೊಂಡು ನಾನು ಕೈ ಚಾಚಿದೆ.

"ಬೇಡ," ಎಂದರು ಅತ್ತೆ. "ಅಳಲಿ ಬಿಡು. ನಾನು ಸಮಾಧಾನ ಮಾಡ್ತೀನಿ."

ಮಗುವನ್ನು ಎದೆಗವಚಿ, ಬಿರುಕು ಬಿಟ್ಟ ಕೈಯಿಂದ ಬೆನ್ನು ತಟ್ಟುತ್ತ ಹಜಾರದ ಉದ್ದಕ್ಕೂ ನಡೆದಾಡಿದರು. ಅಳು ನಿಂತ ಮೇಲೂ ಕೊಡಲಿಲ್ಲ. ಅವಳು ನಿದ್ದೆಹೋದ ಮೇಲೂ ಕೊಡಲಿಲ್ಲ.